ಅತ್ಯಂತ ಸಂತೋಷದಿಂದ ಒಪ್ಪಿದ್ದೇನೆ

ನನಗೆ ಸಕ್ಕರೆ ಕಾಯಿಲೆ ಇಲ್ಲ, ಬಿ.ಪಿ. ಇಲ್ಲ. ಇರುವುದು ಒಂದೇ, ಹೊಟ್ಟೆಕಿಚ್ಚು. ಇದಕ್ಕೆ ಗುಂಡ್ಲುಪೇಟೆಯ ಯಾವ ಮೆಡಿಕಲ್ ಸ್ಟೋರಿನಲ್ಲೂ ಮಾತ್ರೆ ಸಿಗುವುದಿಲ್ಲ. ಮೊದಲೆಲ್ಲ ಯಾರದೋ ಹೊಸ ಬೈಕು, ಯಾರದೋ ಗೃಹಪ್ರವೇಶ ಕಂಡಾಗ ಸ್ವಲ್ಪ ಕೆರಳಿ ತಣ್ಣಗಾಗುತ್ತಿತ್ತು. ಈಗ ಮಾದೇವಸ್ವಾಮಿಯ ದೆಸೆಯಿಂದ ಹೊಟ್ಟೆಯೊಳಗೆ ಖಾಯಂ ಬೀಡುಬಿಟ್ಟಿದೆ.

ಅವನೂ ನಾನೂ ಹಂಗಳದ ಹತ್ತಿರದ ಒಂದು ರೆಸಾರ್ಟಿನ ರಿಸೆಪ್ಷನ್ನಿನಲ್ಲಿ ಹನ್ನೊಂದು ವರ್ಷ ಅಕ್ಕಪಕ್ಕ ಕೂತವರು. ಕೊರಳಿಗೆ ಟೈ, ತಲೆಯ ಮೇಲೆ ಎ.ಸಿ.; ಬಂದವರೆಲ್ಲ ‘ಸಾರ್’ ಎನ್ನುತ್ತಿದ್ದರು. ಅಷ್ಟರಲ್ಲಿ ಬುಕಿಂಗು, ಬಿಲ್ಲು ಎಲ್ಲ ಮೊಬೈಲಿನೊಳಗೆ ಹೋಗಿಬಿಟ್ಟವು. ಮ್ಯಾನೇಜರು ನಮ್ಮಿಬ್ಬರನ್ನೂ ಕರೆದು, ಟೀ ಕುಡಿಸಿ, ‘ನಿಮ್ಮ ಹುದ್ದೆ ಇನ್ನಿರೋದಿಲ್ಲ. ಗೇಟಲ್ಲಿ ಕೆಲಸ ಇದೆ, ಸಂಬಳ ಸ್ವಲ್ಪ ಕಡಿಮೆ’ ಎಂದು ಒಂದೊಂದು ಕಾಗದ ಮುಂದಿಟ್ಟರು.

ಕಾಗದದ ಕೊನೆಯಲ್ಲಿ ‘ಒಪ್ಪಿದ್ದೇನೆ’ ಎಂದಷ್ಟೇ ಅಚ್ಚಾಗಿತ್ತು. ನಾನು ಹಿಂದೆಮುಂದೆ ನೋಡದೆ ಸಹಿ ಹಾಕಿದೆ. ಅದೂ ಸಾಲದೆಂದು, ಮ್ಯಾನೇಜರು ಮೆಚ್ಚಲಿ ಎಂದು, ಪಕ್ಕದ ಖಾಲಿ ಜಾಗದಲ್ಲಿ ಕೈಯಾರೆ ‘ಅತ್ಯಂತ ಸಂತೋಷದಿಂದ’ ಎಂದು ಸೇರಿಸಿದೆ. ನನ್ನ ಅಕ್ಷರ ದುಂಡಗಿದೆ, ಅದೇ ಬಂದ ಅನಾಹುತ! ಮಾದೇವಸ್ವಾಮಿ ಮಾತ್ರ ಕಾಗದ ಮಡಚಿ ಜೇಬಿಗಿಟ್ಟು, ‘ಯೋಚ್ನೆ ಮಾಡಿ ಏಳ್ತೀನಿ ಸಾರ್’ ಎಂದ. ಬಡ್ಡಿಮಗನಿಗೆ ಇದ್ದದ್ದೂ ಹೋಗುತ್ತದೆ ಎಂದು ನಾನು ಒಳಗೊಳಗೇ ಖುಷಿಪಟ್ಟೆ.

ಅವನು ಬಸ್ಸು ಹತ್ತಿ ಚಾಮರಾಜನಗರದ ಕಾರ್ಮಿಕ ಕಚೇರಿಗೆ ಹೋದ. ‘ಕೆಳಗಿನ ಕೆಲಸ ಬೇಡ ಅಂದ್ರೆ ನೀವೇ ರಾಜೀನಾಮೆ ಕೊಟ್ಟ ಹಾಗಲ್ಲ. ಹುದ್ದೆ ತೆಗೆದವರು ಪರಿಹಾರ ಕೊಡಬೇಕು’ ಎಂದರಂತೆ ಅಲ್ಲಿಯ ಅಧಿಕಾರಿ. ಕೊಟ್ಟೇಬಿಟ್ಟರು ಕಣ್ರೀ! ಈಗ ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಎದುರು ಅವನದೇ ಜೆರಾಕ್ಸ್ ಅಂಗಡಿ, ಅವನದೇ ಹೆಸರಿನ ಬೋರ್ಡು, ತಿರುಗುವ ಕುರ್ಚಿ. ನನಗೆ ಟೋಪಿ, ಸೀಟಿ, ಒಂದು ಸ್ಟೂಲು. ಕೇರಳದವರು ಕಾರಿನ ಗಾಜಿಳಿಸಿ ‘ಚೇಟ್ಟಾ, ಗೇಟ್!’ ಎನ್ನುತ್ತಾರೆ; ‘ಸಾರ್’ ಹೋಗಿ ಅವರ ಮಲಯಾಳದ ‘ಅಣ್ಣ’ನಾಗಿದ್ದೇನೆ. ದಿನಾ ಬೆಳಿಗ್ಗೆ ಹಂಗಳದ ಬಸ್ಸಿಗೆ ಕಾಯುತ್ತ ನಾನು ಆ ಕುರ್ಚಿ ನೋಡುತ್ತೇನೆ. ಅವನು ಅದನ್ನು ಅಗತ್ಯವಿಲ್ಲದಿದ್ದರೂ ತಿರುಗಿಸುತ್ತಾನೆ, ಆಣೆ ಮಾಡಿ ಹೇಳುತ್ತೇನೆ.

ಮನೆಗೆ ಬಂದರೆ ಹೆಂಡತಿಯ ಚುಚ್ಚುಮಾತು ಬೇರೆ. ‘ಸ್ವಾಮಣ್ಣ ಎಂಗ್ ಕೂತವ್ರೆ ನೋಡಿ. ನೀವು ಸಂತೋಸವಾಗಿ ಗೇಟ್ ತೆಕ್ಕೊಂಡಿರಿ.’

ಮೊನ್ನೆ ಮಾದೇವಸ್ವಾಮಿಯೇ ಅಂಗಡಿಯೊಳಗಿಂದ ಕೂಗಿದ. ‘ಬಾರ್ಲಾ ಇಲ್ಲಿ. ಆ ಕಾರ್ಮಿಕ್ರ ಆಪೀಸ್ನಲ್ಲಿ ನಿನ್ ಇಚಾರನೂ ಕೇಳ್ಕಂಡ್ ಬಂದಿವ್ನಿ ಕಣ್ಲಾ. ಸಂತೋಸ ಅಂತ ಬರ್ಕೊಟ್ಬುಟ್ಟಿರೋದು ತೊಡಕೇಯ. ಆದ್ರೂ ಮ್ಯಾನೇಜರು ಮನಸ್ ಮಾಡುದ್ರೆ ನಿಂಗೂ ಪರಿಹಾರ ಆಯ್ತದಂತೆ. ಓಗಿ ಕೇಳ್ಬುಡು.’ ನನ್ನ ಹೊಟ್ಟೆ ಇನ್ನಷ್ಟು ಉರಿಯಿತು. ಒಳ್ಳೆಯವನಾಗುವುದರಲ್ಲೂ ನನ್ನನ್ನು ಮೀರಿಸಿಬಿಟ್ಟನಲ್ಲ!

ಮ್ಯಾನೇಜರ ಮುಂದೆ ನಿಂತು ಕೇಳಿಯೇಬಿಟ್ಟೆ. ಅವರು ತಲೆಯೆತ್ತಿ, ‘ಅದಕ್ಕೇನಂತೆ? ನಿಮಗೂ ಪರಿಹಾರ ಕೊಟ್ಟು ಕಳಿಸೋಣ’ ಎಂದರು. ನನ್ನ ಕಾಲು ನೆಲಕ್ಕೆ ತಾಕಲಿಲ್ಲ. ಅವರು ಮುಂದುವರಿಸಿದರು: ‘ಗೇಟಿಗೆ ಜನ ಇದ್ದಾರೆ. ಉಡಿಗಾಲದ ಪರಶಿವಪ್ಪ ಅಂತ, ನಿಮ್ಮ ಷಡ್ಡಕರಂತೆ. ಆ ಕೆಲಸ ಕೇಳ್ಕೊಂಡು ಎರಡು ಸಲ ಬಂದಿದ್ರು.’

ಪರಶಿವ! ನನ್ನ ನಾದಿನಿಯ ಗಂಡ! ಅವನು ನನ್ನ ಸ್ಟೂಲಿನ ಮೇಲೆ, ನನ್ನ ಬೇವಿನ ಮರದ ನೆರಳಲ್ಲಿ, ಕಾಲಾಡಿಸುತ್ತ, ನನ್ನ ಸೀಟಿ ಊದುತ್ತ... ಒಂದಲ್ಲ, ಎರಡು ಸಲ ಬಂದು ಕೇಳಿದ್ದಾನೆಂದರೆ ಆ ಗೇಟಿನಲ್ಲಿ ನನ್ನ ಕಣ್ಣಿಗೆ ಬೀಳದ ಏನೋ ಸುಖ ಆ ಕಳ್ಳನಿಗೆ ಕಂಡಿದೆ.

‘ಬೇಡಿ ಸಾರ್, ನಾನು ಸುಮ್ಮನೆ ವಿಚಾರಿಸಿದೆ’ ಎಂದವನೇ ಗೇಟಿಗೆ ಓಡಿದೆ. ಅಂಥ ಒಳ್ಳೆಯ ಕೆಲಸವನ್ನು ಅವನಿಗೆ ಬಿಟ್ಟುಕೊಡಲು ನನಗೇನು ತಲೆ ಕೆಟ್ಟಿದೆಯೇ?