ಅತ್ತೆಯ ಸುಣ್ಣದ ಬಡಾವಣೆ

ಉಡುಪಿ ಜಿಲ್ಲೆಯಲ್ಲೇ ಅತ್ಯಂತ ಪರಿಸರಸ್ನೇಹಿಯಾದ ಬಡಾವಣೆಯನ್ನು ನಿರ್ಮಿಸಿದವರು ನನ್ನ ಅತ್ತೆ. ಅದಕ್ಕಾಗಿ ಒಂದು ಮರ ಕಡಿದಿಲ್ಲ, ಗುಡ್ಡ ಅಗೆದಿಲ್ಲ, ಒಂದು ಚೀಲ ಸಿಮೆಂಟೂ ಖರ್ಚಾಗಿಲ್ಲ. ಏಕೆಂದರೆ ಅಲ್ಲಿ ಇನ್ನೂ ಒಂದು ಮನೆಯೂ ಇಲ್ಲ!

ಇರುವುದು ಸುಣ್ಣದ ಗೆರೆಗಳು. ಮಣಿಪಾಲದಿಂದ ಕಾರ್ಕಳದ ಕಡೆಗೆ ಹೋಗುವಾಗ, ಪೇಟೆ ಮುಗಿಯಿತೆಂದು ನಂಬಿಸಿ, ಮತ್ತೆ ಸ್ವಲ್ಪ ಮುಂದುವರಿದು, ನಿಜವಾಗಿಯೂ ಮುಗಿಯುವಲ್ಲಿ ಅತ್ತೆಗೆ ತವರಿನಿಂದ ಬಂದ ಬೋಳು ಪಾದೆಯೊಂದುಂಟು, ಬರೀ ಕಲ್ಲುನೆಲ. ಪಕ್ಕದಲ್ಲಿ ಕೆಂಪುಕಲ್ಲು ಕಡಿದು ಬಿಟ್ಟ ಹಳೆಯ ಕೋರೆ. ಮಳೆನೀರು ಅದರಲ್ಲಿ ನಿಲ್ಲಬೇಕು, ಬಚ್ಚಲ ನೀರು ಮಲ್ಲಿಗೆ ಗಿಡಕ್ಕೆ ಹೋಗಬೇಕು, ಬಿಸಿಲು ಮಾಡಿನ ಮೇಲೆ ಕರೆಂಟಾಗಬೇಕು, ಮನೆಗಳ ನಡುವೆ ಕಂಪೌಂಡು ಗೋಡೆ ಕೂಡದು. ಇದು ಅತ್ತೆಯ ಸಂವಿಧಾನ. ಭೂಪರಿವರ್ತನೆಯ ಅರ್ಜಿ ಮಾತ್ರ ಕಚೇರಿಯಲ್ಲಿ ಧ್ಯಾನಸ್ಥವಾಗಿದೆ. ಅತ್ತೆ ಅದಕ್ಕೆ ಕಾಯುವವರಲ್ಲ. ಮಳೆಗಾಲ ಮುಗಿದೊಡನೆ ಸುಣ್ಣದ ಪುಡಿ ತರಿಸಿ ಹಾಲ್, ಕೋಣೆ, ಅಡುಗೆಮನೆ ಎಲ್ಲವನ್ನೂ ಪಾದೆಯ ಮೇಲೆ ಗುರುತು ಹಾಕಿಸುತ್ತಾರೆ. ಜೂನ್ ಬಂದೊಡನೆ ಇಡೀ ಬಡಾವಣೆ ತೊಳೆದುಹೋಗುತ್ತದೆ. ಜೀವಹಾನಿ ವರದಿಯಾಗಿಲ್ಲ.

ಗೆರೆಯಾದರೂ ಮನೆ ಮನೆಯೇ. ಒಮ್ಮೆ ನಾನು ಬಿಸಿಲು ತಾಳಲಾರದೆ ನೇರವಾಗಿ ಕಾರಿನತ್ತ ಹೊರಟೆ.

"ಗೋಡೆಯೊಳಗಿಂದ ಎಲ್ಲಿಗೆ ಹೋಗ್ತಿ ಮಾರಾಯ? ಬಾಗಿಲು ಎಂತಕ್ಕೆ ಉಂಟು?"

"ತಲೆ ಸುಡುತ್ತದೆ ಅತ್ತೆ."

"ಹಾಲ್‌ನಲ್ಲಿ ನಿಂತವನಿಗೆ ಎಂತ ಬಿಸಿಲು?"

ಹಿಂದೆ ಬಂದು, ಹಾಲ್ ದಾಟಿ, ಬಾಗಿಲಿನಿಂದಲೇ ಹೊರಬಿದ್ದೆ. ಆದರೂ ಪ್ರತಿ ಸಲ ಮರೆಯುತ್ತೇನೆ, ಪ್ರತಿ ಸಲ ಬೈಸಿಕೊಳ್ಳುತ್ತೇನೆ.

ನಿವೇಶನ ಕೇಳಿ ಬಂದವರಿಗೆ ಸಂದರ್ಶನವೂ ಉಂಟು. ಒಂದು ಸಭ್ಯ ದಂಪತಿಯನ್ನು ಅತ್ತೆ ಕೇಳಿದರು: "ಅಡುಗೆಯ ಮಧ್ಯದಲ್ಲಿ ಹುಣಸೆಹುಳಿ ಮುಗಿದರೆ ಎಂತ ಮಾಡ್ತೀರಿ?"

"ಮೊಬೈಲಿನಲ್ಲಿ ತರಿಸ್ತೇವೆ."

"ಹಾಗಾದರೆ ನೀವು ಬೇರೆ ಕಡೆ ನೋಡಿ."

ನಕ್ಷೆ ಬರೆಯಲು ಬಂದ ಎಳೆಯ ಎಂಜಿನಿಯರ್ ಅತ್ತೆ ಹೇಳಿದ ಎಲ್ಲದಕ್ಕೂ ತಲೆಯಾಡಿಸಿದ, ಒಂದರ ಹೊರತು. ಕೋರೆಯ ದಂಡೆಯ ಎರಡು ಮನೆಗಳ ಅಡುಗೆಮನೆ ಕಿಟಕಿಗಳು ಮುಖಕ್ಕೆ ಮುಖ ಕೊಟ್ಟು, ಕೈ ಚಾಚಿದರೆ ಸಿಗುವಂತೆ ಇದ್ದವು. "ಮೇಡಂ, ಪ್ರೈವೆಸಿ ಇರುವುದಿಲ್ಲ."

"ಇಲ್ಲದಿರಲಿ ಅಂತಲೇ ಅಲ್ವಾ ಕಿಟಕಿ ಇಡುವುದು?"

ಒಂದು ಮನೆ ಅತ್ತೆಯದು. ಇನ್ನೊಂದನ್ನು ಯಾರು ಕೇಳಿದರೂ ಕೊಡಲಿಲ್ಲ. "ಅದಕ್ಕೆ ಜನ ಉಂಟು" ಎನ್ನುತ್ತಿದ್ದರು.

ಆ ಜನ ಐಸಮ್ಮ. ಕಾಪುವಿನಲ್ಲಿ ಹೆದ್ದಾರಿಯ ಬದಿಯಲ್ಲಿ ಅವರ ಮನೆ, ಅತ್ತೆಯ ಮನೆ ಅಕ್ಕಪಕ್ಕ ಇದ್ದವು. ಪ್ರಾಯವೆಲ್ಲ ಕಳೆದದ್ದು ಎರಡು ಕಿಟಕಿಗಳ ನಡುವಿನ ಮಾತಿನಲ್ಲಿ. ರಸ್ತೆ ಅಗಲವಾಯಿತು, ಎರಡೂ ಅಡುಗೆಮನೆಗಳು ಜೊತೆಯಾಗಿಯೇ ಹೋದವು. ಅತ್ತೆ ಮಣಿಪಾಲದ ಫ್ಲ್ಯಾಟಿಗೆ, ಐಸಮ್ಮ ಉಡುಪಿಯಲ್ಲಿ ಮಗಳ ಫ್ಲ್ಯಾಟಿಗೆ. ಫೋನುಂಟು ನಿಜ. ಆದರೆ ಒಲೆಯ ಮೇಲೆ ಏನೋ ಕುದಿಯುತ್ತಿರುವಾಗ ಆಡುವ ಮಾತು ಫೋನಿಗೆ ಒಗ್ಗುವುದಿಲ್ಲ. "ಮತ್ತೆ?" ಎಂದು ಇವರು, "ಮತ್ತೆ ನೀವೇ ಹೇಳಿ" ಎಂದು ಅವರು. ಅಲ್ಲಿಗೆ ಮುಗಿಯಿತು.

ಜಾಗ ನೋಡಲು ಕರೆದಾಗಲೆಲ್ಲ ಐಸಮ್ಮ ಮಂಡಿನೋವು ಎಂದರು, ಸೆಕೆ ಎಂದರು. ನನ್ನೊಡನೆ ಮಾತ್ರ, "ಇನ್ನೊಂದು ಮನೆಗೆ ಒಗ್ಗುವ ಪ್ರಾಯವಾ ಮಗಾ ನನ್ನದು?" ಎಂದಿದ್ದರು. ಅದನ್ನು ಹೇಗೋ ತಿಳಿದುಕೊಂಡ ಅತ್ತೆ, "ಅವಳು ಬರುವುದಿಲ್ಲವಾದರೆ ಈ ಸುಣ್ಣ ಯಾರಿಗೆ?" ಎಂದು ಆ ವಾರ ಪಾದೆಯತ್ತ ಸುಳಿಯಲಿಲ್ಲ.

ಕಳೆದ ಮೇ ಕೊನೆಯಲ್ಲಿ ಐಸಮ್ಮ ತಾವಾಗಿಯೇ ಬರುತ್ತೇನೆಂದರು. ನಾನೇ ಕಾರಿನಲ್ಲಿ ಕರೆತಂದೆ. ಕಡಲಿನ ಕಡೆ ಮೋಡ ಕಟ್ಟಿತ್ತು. ಬಡಾವಣೆಗೆ ಹೆಚ್ಚೆಂದರೆ ಇನ್ನೆರಡು ದಿನದ ಆಯುಷ್ಯ. ಅವರು ತಮಗಾಗಿ ಇಟ್ಟ ಮನೆಯ ಗೆರೆಯ ಮುಂದೆ ಒಂದು ಕ್ಷಣ ನಿಂತು, ಚಪ್ಪಲಿ ಕಳಚಿಟ್ಟು, ಯಾರೂ ಹೇಳದೆ ಬಾಗಿಲಿನಿಂದಲೇ ಒಳಗೆ, ಅಡುಗೆಮನೆಗೆ ಹೋದರು. ಹಿಂದೆ ನಾನು. ಅತ್ತೆ ಸುತ್ತು ಬಳಸಿ ತಮ್ಮ ಮನೆಯ ಬಾಗಿಲಿಗೆ ಹೋಗಿ, ಹಾಲ್ ದಾಟಿ, ಅಡುಗೆಮನೆಗೆ ಬಂದು ನಿಂತರು.

ಇಬ್ಬರೂ ಕಿಟಕಿಗಳಲ್ಲಿ ಎದುರುಬದುರಾದರು.

"ಇವತ್ತು ಎಂತ ಪದಾರ್ಥ, ಅಕ್ಕಾ?" ಎಂದರು ಐಸಮ್ಮ.

"ಬಸಳೆ. ನಿಂದು?"

"ಬಂಗುಡೆ."

"ಹೌದು, ಪರಿಮಳ ಆಗಲೇ ಬಂತು."

ಐಸಮ್ಮ ಗಾಳಿಯಲ್ಲಿ ಕೈಯೂರಿದರು. "ಈ ಕಿಟಕಿಯನ್ನು ಸ್ವಲ್ಪ ತಗ್ಗಿಸಲು ಹೇಳಬೇಕು, ಅಕ್ಕಾ. ನಾನು ಮೊದಲಿನಷ್ಟು ಎತ್ತರ ಇಲ್ಲ."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಒಲೆಯ ಹೊಗೆಯಿರಬೇಕು.

ಕಾರು ನನ್ನ ಎದುರಿಗೇ ಇತ್ತು, ಗೆರೆಯಾಚೆ ನಾಲ್ಕು ಹೆಜ್ಜೆ. ನಾನು ತಿರುಗಿ ಹಾಲ್ ದಾಟಿ, ಬಾಗಿಲಿನಿಂದ ಹೊರಗೆ ಬಂದೆ. ಬಂದು, ಅದನ್ನು ಸದ್ದಾಗದಂತೆ ಮುಚ್ಚಿದೆ.