ಬಳಿ ಕೇಳುವ ಅತ್ತೆ

ನಮ್ಮ ಅತ್ತೆಗೆ ಹೆದರಿ ಪುತ್ತೂರು-ಸುಳ್ಯ ಬಸ್ಸಿನಲ್ಲಿ ಎಷ್ಟು ಪ್ರೇಮಗಳು ಅರ್ಧ ದಾರಿಯಲ್ಲೇ ಇಳಿದುಹೋಗಿವೆಯೋ ದೇವರಿಗೇ ಗೊತ್ತು! ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಸ್ವತಃ ಮದುವೆಯಾಗಿಲ್ಲ. ಆದರೆ ದರ್ಬೆಯ ನಮ್ಮ ಮನೆಯಲ್ಲಿ ಕೂತು ಊರವರೆಲ್ಲರ ಮದುವೆಯ ಮೇಲೆ ಕಣ್ಣಿಟ್ಟಿದ್ದಾರೆ.

ಅವರ ಆಯುಧ ಒಂದೇ ಪ್ರಶ್ನೆ: "ನಿಂದು ಯಾವ ಬಳಿ?" ಬಳಿ ಎಂದರೆ ನಮ್ಮ ಗೌಡರಲ್ಲಿ ಅಪ್ಪನ ಕಡೆಯಿಂದ ಬರುವ ಮೂಲ. ಒಂದೇ ಬಳಿಯವರೆಲ್ಲ ಅಣ್ಣ-ತಂಗಿಯರು. ಹುಟ್ಟಿದ ಮೇಲೆ ಒಬ್ಬರ ಮುಖ ಒಬ್ಬರು ನೋಡಿರದಿದ್ದರೂ ಸರಿ, ಮದುವೆಯಾಗುವ ಹಾಗಿಲ್ಲ! ಯಾವ ಮನೆಯ ಹೆಸರು ಹೇಳಿದರೂ ಅತ್ತೆ ಅವರ ಮುತ್ತಜ್ಜನವರೆಗೆ ಹೋಗಿ ಬರುತ್ತಾರೆ, ನಾವು ಸಂತೆಗೆ ಹೋಗಿ ಬಂದಷ್ಟು ಸಲೀಸಾಗಿ.

ಒಮ್ಮೆ ಬಸ್ಸಿನಲ್ಲಿ ಮುಂದಿನ ಸೀಟಿನ ಹುಡುಗ-ಹುಡುಗಿ ಒಂದೇ ಇಯರ್‌ಫೋನನ್ನು ಹಂಚಿಕೊಂಡು ಪದ್ಯ ಕೇಳುತ್ತಿದ್ದರು. ಅತ್ತೆ ಸುಮ್ಮನಿರುವುದುಂಟೇ? ಬಗ್ಗಿ ಇಬ್ಬರ ಬಳಿಯನ್ನೂ ವಿಚಾರಿಸಿದರು.

"ಒಂದೇ ಬಳಿ! ನೀವಿಬ್ಬರು ಅಣ್ಣ-ತಂಗಿ. ಸ್ವಲ್ಪ ದೂರ ಕೂತ್ಕೊಳ್ಳಿ!"

"ಹೌದಜ್ಜಿ," ಎಂದಳು ಹುಡುಗಿ, "ಅಣ್ಣ-ತಂಗಿಯೇ. ಅಮ್ಮ ನಿಮ್ಮ ಹಿಂದಿನ ಸೀಟಲ್ಲೇ ಇದ್ದಾರೆ."

ನಾನು ನಾಚಿ ಕಿಟಕಿಯ ಕಡೆ ತಿರುಗಿದೆ. ಅತ್ತೆ ನನ್ನನ್ನು ತಿವಿದು, "ನೋಡಿದೆಯಾ? ನಾನು ಹೇಳಿದ್ದು ಸರಿಯಾಯ್ತಲ್ಲ!" ಎಂದರು.

ಟೀವಿಯಲ್ಲೂ ಅಷ್ಟೇ. ಧಾರಾವಾಹಿಯ ನಾಯಕ ನಾಯಕಿಯ ಕೈ ಹಿಡಿದರೆ, "ಇವರು ಯಾವ ಬಳಿಯವರಂತೆ?" ಎಂಬ ಪ್ರಶ್ನೆ. ಅದೆಲ್ಲ ಕತೆ ಎಂದರೆ, "ಕತೆಗೆ ಮರ್ಯಾದೆ ಬೇಡವಾ?" ಎಂದು ರಿಮೋಟ್ ಒತ್ತಿಬಿಡುತ್ತಾರೆ. ನಮ್ಮ ಮನೆಯಲ್ಲಿ ಯಾವ ಧಾರಾವಾಹಿಯ ಮದುವೆಯೂ ಇದುವರೆಗೆ ಪೂರ್ತಿ ನಡೆದಿಲ್ಲ.

ಇಷ್ಟೆಲ್ಲ ಬಾಯಿಯ ಅತ್ತೆ ಒಬ್ಬರ ಮುಂದೆ ಮಾತ್ರ ಮೆತ್ತಗಾಗುತ್ತಾರೆ. ಅವರು ಇಚಿಲಂಪಾಡಿಯ ಅಜ್ಜ, ನಮ್ಮದೇ ಬಳಿಯವರು. ಯಾವ ಮದುವೆಯಲ್ಲಿ ಸಿಕ್ಕರೂ ಅತ್ತೆ, "ಊಟ ಆಯ್ತಾ ಅಣ್ಣ?" ಎನ್ನುತ್ತಾರೆ. ಅಜ್ಜ "ಆಯ್ತು" ಎನ್ನುತ್ತಾರೆ. ಮಾತು ಮುಗಿಯಿತು! ಅತ್ತೆಗೂ ಮಾತು ಮುಗಿಯುವುದುಂಟೆಂದು ನಮಗೆ ಗೊತ್ತಾಗುವುದು ಆಗ ಮಾತ್ರ.

ಹೀಗಿರುವಾಗ ನನ್ನ ಮಗಳು ಕಡಬದ ಹುಡುಗನೊಬ್ಬನನ್ನು ಮೆಚ್ಚಿದಳು. ಸುಳ್ಯದ ಕಾಲೇಜಿನಲ್ಲಿ ಒಟ್ಟಿಗೆ ಓದಿದವರು. ಒಳ್ಳೆಯ ಹುಡುಗ, ಒಳ್ಳೆಯ ಕೆಲಸ. ಬಳಿ? ನಮ್ಮದೇ! ಮಗಳು ಊಟ ಬಿಟ್ಟಳು. ಹೆಂಡತಿ ನನ್ನೊಡನೆ ಮಾತು ಬಿಟ್ಟಳು, ಬಳಿಯನ್ನು ನಾನೇ ಮಾಡಿದವನ ಹಾಗೆ. ಹುಡುಗನ ದೊಡ್ಡಪ್ಪ ಸಂಬಂಧ ಬೇಡವೆಂದು ಹೇಳುವುದಕ್ಕೇ ಮನೆಗೆ ಬಂದರು. ಇನ್ನು ಅತ್ತೆ ಬಾಯಿ ತೆರೆದರೆ ಮುಗಿಯಿತು ಎಂದು ನಾವೆಲ್ಲ ಅವರ ಮುಖವನ್ನೇ ನೋಡುತ್ತಾ ಕೂತೆವು.

ಅತ್ತೆ ಬಾಯಿ ತೆರೆದರು.

"ಒಂದೇ ಬಳಿ ಅಂತ ಯಾರು ಹೇಳಿದ್ದು ನಿಮಗೆ? ನಿಮ್ಮ ಅಜ್ಜ ನಿಮ್ಮ ಮನೆಗೆ ದತ್ತು ಬಂದವರಲ್ವಾ? ಹುಟ್ಟಿದ ಬಳಿ ಬೇರೆ."

ದೊಡ್ಡಪ್ಪ ತಬ್ಬಿಬ್ಬಾದರು. "ಎಂತ ಮಾರಾಯ್ರೆ, ನಮ್ಗೇ ಗೊತ್ತಿಲ್ಲ!"

"ನಿಮ್ಗೆ ಹೇಗೆ ಗೊತ್ತಿರುದು? ನೀವು ಹುಟ್ಟಿಯೇ ಇರ್ಲಿಲ್ಲ!"

ಅತ್ತೆಯ ಮಾತಿಗೆ ಎದುರು ಹೇಳುವವರು ಮೂರು ತಾಲೂಕಿನಲ್ಲಿ ಯಾರಿದ್ದಾರೆ? ದೊಡ್ಡಪ್ಪ ಪಾಯಸ ಕುಡಿದೇ ಹೋದರು.

ಅವರು ಹೋದ ಮೇಲೆ ಅಡುಗೆಮನೆಯಲ್ಲಿ ಕೇಳಿದೆ, "ಅತ್ತೆ, ಆ ದತ್ತಿನ ಕತೆ ನಿಜವಾ?"

"ಸುಳ್ಳು," ಎಂದರು ಅತ್ತೆ, ಲೋಟ ತೊಳೆಯುತ್ತಾ. "ನನ್ನ ಕಾಲಕ್ಕೆ ಇಂಥ ಸುಳ್ಳು ಹೇಳ್ಲಿಕ್ಕೆ ನಮ್ಮ ಮನೆಯಲ್ಲಿ ಯಾರೂ ಇರ್ಲಿಲ್ಲ. ಹಿರಿಯರು ಹೇಳಿದ್ರು, ಇನ್ನು ಅವರನ್ನು ಅಣ್ಣ ಅಂತ ಕರಿ ಅಂತ. ಕರೆದೆ. ಕರೆದು ಕರೆದು ಸಾಕಾಗಿದೆ ಮಾರಾಯ. ಈ ಮಗುವಿಗೆ ಅದು ಬೇಡ."

ಇಷ್ಟು ವರ್ಷ ನಾವು ಯಾರನ್ನು ನೋಡಿ ನಕ್ಕಿದ್ದೆವು?

ಮಗಳ ಮದುವೆಗೆ ಇಚಿಲಂಪಾಡಿಯ ಅಜ್ಜ ಕೋಲೂರಿಕೊಂಡು ಬಂದಿದ್ದರು. ಅತ್ತೆ ಹೊಸ ಸೀರೆಯ ಸೆರಗು ಸರಿಮಾಡಿಕೊಂಡು ಅವರ ಹತ್ತಿರ ಹೋದರು.

"ಊಟ ಆಯ್ತಾ?" ಎಂದರು. ಅಷ್ಟೇ. ಅಣ್ಣ ಎನ್ನಲಿಲ್ಲ.

ಅಜ್ಜ ತಲೆಯೆತ್ತಿ ನೋಡಿದರು. "ಇಲ್ಲ," ಎಂದು ಪಕ್ಕದ ಕುರ್ಚಿ ಎಳೆದುಕೊಟ್ಟರು.