ಲ್ಯಾಪ್‌ಟಾಪನ್ನು ಎಬ್ಬಿಸುವವರು ಯಾರು?

ನನ್ನ ಜೀವ ಇರುವವರೆಗೆ ಕೊಣ್ಣೂರಿನ ನಮ್ಮ ಮನೆಯಲ್ಲಿ ನನ್ನನ್ನು ಕೇಳದೆ ಒಂದು ಸೌಟೂ ಜಾಗ ಬದಲಿಸಕೂಡದು ಎಂದು ಕಾಯ್ದೆ ಮಾಡಿದವಳು ನಾನು. ಸೊಸೆಯ ಲ್ಯಾಪ್‌ಟಾಪಿಗೂ ಅದೇ ಕಾಯ್ದೆ! ಅದರೊಳಗೆ ನಮ್ಮವರ ದನಿ ಇದೆ. ಅವರು ತೀರಿಹೋಗುವ ಹಿಂದಿನ ವರ್ಷ ಸೊಸೆ ದಾಕ್ಷಾಯಿಣಿ ರೆಕಾರ್ಡ್ ಮಾಡಿಟ್ಟಿದ್ದಳು. ನಾಲ್ಕು ವರ್ಷವಾದರೂ ಕೇಳಲು ನನಗೆ ಧೈರ್ಯ ಬಂದಿರಲಿಲ್ಲ.

ಗೋಕಾಕದ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಆಕೆ ಮೊನ್ನೆ ಭಾನುವಾರ ಅದರ ಮುಂದೆ ಕುಳಿತಿದ್ದಳು.

“ಏನ ನಡಸೀ?”

“ಇದನ್ನ ನಡಸೂ ಲಿನಕ್ಸ್‌ನ್ಯಾಗ ಇನಿಟ್ ಅಂತ ಒಂದ ಪ್ರೋಗ್ರಾಂ ಇರತೈತ್ರಿ ಅತ್ತಿ. ಬಟನ್ ಒತ್ತಿದ ಕೂಡ್ಲೆ ಎಲ್ಲಾರಕಿಂತ ಮೊದಲ ಅದ ಏಳತೈತಿ. ಉಳದಾವರನ್ನ ಎಬ್ಬಸತೈತಿ.”

“ನನ್ನಂಗ!”

“ಹೂಂನ್ರಿ. ಅದನ್ನ ತಗದು ಬ್ಯಾರೇದ ಹಾಕಾಕತ್ತೇನಿ.”

“ಯಾಕ? ಏನ ತಪ್ಪ ಮಾಡೈತಿ ಅದು?”

“ತಪ್ಪೇನಿಲ್ರಿ. ಎಬ್ಬಿಸಿ ಸುಮ್ನ ಕುಂದ್ರೂದಿಲ್ಲ, ಎಲ್ಲಾದ್ರಾಗೂ ಕೈ ಹಾಕತೈತಿ. ಹೊಸಾದು ಹಂಗಲ್ಲ. ತಾನಾತು, ತನ್ನ ಕೆಲಸಾತು.”

ಇದು ಲ್ಯಾಪ್‌ಟಾಪಿನ ಮಾತೋ, ನನ್ನ ಮಾತೋ! ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿತು, ಆಕೆ ಓಡಿದಳು. ಅನ್ಯಾಯವಾಗಿ ಮನೆ ಬಿಡುತ್ತಿದ್ದ ಆ ಹಿರಿಯ ಜೀವವನ್ನು ಉಳಿಸಲು ನಾನು ಬಟನ್ ಒತ್ತಿ ಹಿಡಿದೆ. ಪರದೆ ಕಪ್ಪಾಯಿತು. ಗೆದ್ದೆ!

“ಅಯ್ಯ ಶಿವನ!” ಸೊಸೆ ಓಡಿ ಬಂದಳು. “ಬಂದ್ ಮಾಡಿದ್ರೇನು? ಹಳೇದು ಹೋತು, ಹೊಸಾದು ಇನ್ನಾ ಪೂರ್ತಿ ಬಂದಿಲ್ಲ. ಈಗ ಎಬ್ಬಸಾವರ ಇಲ್ಲ!”

“ನಿಮ್ಮ ಮಾವನ ದನಿ?”

“ಒಳಗ ಇರಬೇಕ್ರಿ. ಬಾಗಲಾ ತಗ್ಯಾವರಿಲ್ಲ.”

ಒಬ್ಬ ಮನುಷ್ಯನನ್ನು ಎರಡು ಸಲ ಕಳೆದುಕೊಳ್ಳಬಹುದು ಎಂದು ಆ ದಿನ ತಿಳಿಯಿತು. ಎರಡು ತಾಸು ಅನ್ನ ಮುಟ್ಟದೆ ಕುಳಿತೆ. ಆಕೆ ಒಂದು ಪೆನ್‌ಡ್ರೈವ್ ಚುಚ್ಚಿ, ಹೊರಗಿನಿಂದ ಅದನ್ನು ಎಬ್ಬಿಸಿ, ಹೊಸದನ್ನು ಕೂಡಿಸಿದಳು. ಪರದೆ ಬೆಳಗಿತು.

“ಇವತ್ತ ಕೇಳೇಬಿಡ್ರಿ ಅತ್ತಿ. ನಾಳಿ ಮತ್ಯಾವ ಬಟನ್ ಒತ್ತತೀರೊ!”

ಬೇಡ ಎನ್ನುವಷ್ಟರಲ್ಲಿ ನಮ್ಮವರು ಮಾತಾಡಿದರು.

“ದಾಕ್ಷಾಯಿಣಿ, ಬರಾಕತ್ತೈತೇನವಾ ದನಿ? ನಿಮ್ಮ ಅತ್ತಿ ಮನ್ಯಾಗ ಮೊದಲ ಏಳಾಕಿ ತಾನ ಅಂತ ತಿಳದಾಳ. ನಲವತ್ತ ವರ್ಷಾತು, ದಿನಾ ನಾನ ಮೊದಲ ಎದ್ದು, ಆಕಿ ಬಾಜೂಕ ಕುಂತು ಕೆಮ್ಮತೇನಿ. ಆಗ ಏಳತಾಳ. ಹೇಳಬ್ಯಾಡ ಮತ್ತ. ಅಷ್ಟರ ಹೆಮ್ಮಿ ಇರಲಿ ಆಕಿಗೆ.”

ಸೊಸೆ ನನ್ನ ಮುಖ ನೋಡಲಿಲ್ಲ. ನಾನೂ ನೋಡಲಿಲ್ಲ.

ಕೊನೆಗೆ ಅವರು ಒಂದು ಸಲ ಕೆಮ್ಮಿದರು.

ಕುಳಿತಿದ್ದವಳು ನೆಟ್ಟಗೆ ಎದ್ದು ನಿಂತೆ!